ಟ್ರಕ್ ಬಿಗಿ ಮಾಡಿದರೆ ಎಡ್ಜ್ ಆಳವಾಗುವುದಿಲ್ಲ

ಮೇಡಂ, ರೋಲರ್ ಸ್ಕೇಟಿಂಗ್ ಕಲಿಯುತ್ತಿರುವ ಮಗಳ ಪಾದ ಔಟ್‌ಸೈಡ್ ಎಡ್ಜ್‌ನಲ್ಲಿ (ಪಾದದ ಹೊರ ಅಂಚಿನತ್ತ ವಾಲಿ ಬಾಗುಗೆರೆಯಲ್ಲಿ ಸಾಗುವಾಗ) ಅಲುಗುತ್ತದೆಂದು ಕ್ವಾಡ್‌ ಜೋಡಿಯ (ಮುಂದೆ ಎರಡು, ಹಿಂದೆ ಎರಡು ಚಕ್ರವಿರುವ ಸ್ಕೇಟ್) ನಾಲ್ಕೂ ಟ್ರಕ್‌ಗಳ (ಚಕ್ರದ ಅಚ್ಚನ್ನು, ಅಂದರೆ ಆಕ್ಸಲನ್ನು, ಹಿಡಿದಿರುವ ಭಾಗ) ನಟ್ಟನ್ನು ಪೂರ್ತಿ ಬಿಗಿ ಮಾಡಿಸಿದಿರೆಂದೂ, ಆದರೂ ಎಡ್ಜ್ ಆಳವಾಗುತ್ತಿಲ್ಲವೆಂದೂ ಬರೆದಿದ್ದೀರಿ. ಹಾಸನದಲ್ಲಿ ಕಲಿಯುತ್ತಿದ್ದಾಗ ನಾನು ಇದೇ ತಪ್ಪು ಮಾಡಿ ಒಂದು ವರ್ಷ ಕಳೆದುಕೊಂಡೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಪಾದ ವಾಲಿದಾಗ ಟ್ರಕ್‌ನಲ್ಲಿರುವ ಕುಶನ್ (ರಬ್ಬರಿನಂಥ ಮೆತ್ತೆ) ಅದುಮಿಕೊಂಡು ಎರಡೂ ಆಕ್ಸಲ್‌ಗಳು ತಿರುಗಿದರೆ ಮಾತ್ರ ಸ್ಕೇಟ್ ಬಾಗಿ ಓಡುತ್ತದೆ. ನಟ್ ಪೂರ್ತಿ ಬಿಗಿಯಾಗಿ ಕುಶನ್‌ಗೆ ಅದುಮಿಕೊಳ್ಳಲು ಜಾಗವೇ ಇಲ್ಲದಿದ್ದರೆ ಮಗು ಎಷ್ಟು ಪ್ರಯತ್ನಿಸಿದರೂ ಚಕ್ರ ನೇರವಾಗಿಯೇ ಹೋಗುತ್ತದೆ. ಆಗ ಅವಳು ಸೊಂಟ ಮುರಿದು, ಭುಜವನ್ನು ವೃತ್ತದೊಳಕ್ಕೆ ಚಾಚುತ್ತಾಳೆ. ನಿಮ್ಮ ವೀಡಿಯೊದಲ್ಲಿ ಕಾಣುವುದು ಇದೇ. ವಾಲುವಿಕೆ ಪಾದದ ಗಂಟಿನಿಂದ ತಲೆಯವರೆಗೆ ಒಂದೇ ಗೆರೆಯಾಗಿರಬೇಕು, ಮಂಡಿ ಬಾಗಿರಬೇಕು.

ಹಾಗೆಂದು ಇಂದೇ ಎಲ್ಲವನ್ನೂ ಸಡಿಲಿಸಬೇಡಿ. ತಪ್ಪು ತಿಳಿದ ದಿನವೇ ನಾನು ಎರಡು ಸುತ್ತು ಸಡಿಲಿಸಿ ಹಿಮ್ಮುಖ ಎಡ್ಜ್‌ಗೆ ವೇಗ ತೆಗೆದುಕೊಂಡೆ. ಟ್ರಕ್ ನಡುಗಿತು, ಕೈಯೂರಿ ಬಿದ್ದೆ, ಮಣಿಕಟ್ಟಿಗೆ ಆರು ವಾರ ಪಟ್ಟಿ ಕಟ್ಟಿಸಿಕೊಂಡೆ. ಕಾಲು ಸುತ್ತು ಸಡಿಲಿಸಿ, ನಾಲ್ಕಕ್ಕೂ ಸಮನಾಗಿರಲಿ, ಮೂರು ದಿನ ಅದರಲ್ಲೇ ಅಭ್ಯಾಸ ಮಾಡಿಸಿ, ಅನಂತರ ಇನ್ನೊಂದು ಕಾಲು ಸುತ್ತು. ಮಗು ಹಗುರವಾಗಿದ್ದರೆ ನಟ್ ಸಡಿಲಿಸುವುದಕ್ಕಿಂತ ಮೆದು ಕುಶನ್ ಹಾಕಿಸುವುದೇ ಸುರಕ್ಷಿತ.

ನನಗೆ ಎಡ್ಜ್ ಕೊಟ್ಟದ್ದು ಹಗ್ಗ ಮತ್ತು ಸೀಮೆಸುಣ್ಣ. ಎರಡೂವರೆ ಮೀಟರ್ ಹಗ್ಗದಿಂದ 5 ಮೀಟರ್ ವ್ಯಾಸದ ವೃತ್ತ ಬರೆದು, ಒಂದೇ ತಳ್ಳಿಗೆ ಒಂಟಿ ಕಾಲಿನಲ್ಲಿ ಅರ್ಧ ವೃತ್ತ ಸಾಗಬೇಕು; ಅದು ಕೈಗೂಡಿದ ಮೇಲೆ ಪೂರ್ತಿ ವೃತ್ತ. ಮಂಜುಗಡ್ಡೆಯ ಮೇಲೆ ಬ್ಲೇಡ್ ತಾನೇ ಸಾಕ್ಷಿ ಬಿಡುತ್ತದೆ: ಎಡ್ಜ್ ಹಿಡಿದಿದ್ದರೆ ಒಂದು ಗೆರೆ, ಚಪ್ಪಟೆಯಾಗಿದ್ದರೆ ಎರಡು. ನಮ್ಮ ಸಿಮೆಂಟ್ ನೆಲದಲ್ಲಿ ಆ ಅನುಕೂಲವಿಲ್ಲವಾದ್ದರಿಂದ ನಾನು ಗೆರೆಯ ಒಂದು ಭಾಗದ ಮೇಲೆ ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಿಂದ ತೆಳುವಾಗಿ ಸವರುತ್ತಿದ್ದೆ; ಚಕ್ರದ ಗುರುತು ಅಂಕುಡೊಂಕಾಗಿದ್ದರೆ ಎಡ್ಜ್ ನಡುವೆ ಬಿಟ್ಟುಹೋಗಿದೆ ಎಂದು ಅರ್ಥ. ದಪ್ಪವಾಗಿ ಹಾಕಿದರೆ ಜಾರುತ್ತದೆ. ರಂಗೋಲಿ ಪುಡಿಯನ್ನಂತೂ ಬಳಸಲೇಬೇಡಿ, ಅದರ ಹರಳು ಬೇರಿಂಗ್‌ಗೆ ಸೇರುತ್ತದೆ.

ಐಸ್ ಸ್ಕೇಟಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಕಡ್ಡಾಯ ಫಿಗರ್‌ಗಳನ್ನು (ಎಡ್ಜ್ ಹಿಡಿದು ವೃತ್ತಗಳ ಮೇಲೆ ಸಾಗುವ ಪರೀಕ್ಷೆ) 1990ರ ನಂತರ ಕೈಬಿಟ್ಟರೆಂದು ವೃತ್ತಾಭ್ಯಾಸ ಬೇಡವೆನ್ನುವವರ ಮಾತು ಕೇಳಬೇಡಿ. ಲಟ್ಜ್ ಎಂಬ, ಹಿಮ್ಮುಖವಾಗಿ ಸಾಗುತ್ತ ನೆಗೆದು ಗಾಳಿಯಲ್ಲಿ ಸುತ್ತುವ ಜಿಗಿತಕ್ಕೆ ಹಿಮ್ಮುಖ ಔಟ್‌ಸೈಡ್ ಎಡ್ಜ್ ಕೊನೆಯವರೆಗೆ ಉಳಿಯಬೇಕು. ಕೊನೆಯ ಕ್ಷಣದಲ್ಲಿ ಅದು ಇನ್‌ಸೈಡ್‌ಗೆ ಜಾರಿದರೆ ಅಂಕ ಕಡಿತವಾಗುತ್ತದೆ. ಎಡ್ಜ್ ನಿಲ್ಲದ ಮಗುವಿಗೆ ಲಟ್ಜ್ ಹೇಳಿಕೊಡುವುದು ಅನ್ಯಾಯ.

ಪ್ಲೇಟ್ (ಬೂಟಿನ ಅಡಿಗೆ ಕೂರಿಸುವ, ಟ್ರಕ್‌ಗಳನ್ನು ಹಿಡಿದಿರುವ ತಟ್ಟೆ) ಬಗ್ಗೆಯೂ ಕೇಳಿದ್ದೀರಿ. ಇಟಲಿಯ ರೋಲ್-ಲೈನ್ ಕಂಪನಿಯ ಪ್ಲೇಟ್ ನನಗೆ ಬಹಳ ಮೆಚ್ಚುಗೆಯಾದದ್ದು, ಆದರೆ ಹಣವನ್ನು ಮೊದಲು ಬೂಟಿಗೆ ಹಾಕಿ. ಎರಡು ವರ್ಷ ಬರಲೆಂದು ದೊಡ್ಡ ಅಳತೆಯದು ಕೊಡಿಸಿದ್ದೀರೆಂದು ಕಾಣುತ್ತದೆ. ಹಿಮ್ಮಡಿ ಒಳಗೆ ಮೇಲೇಳುತ್ತಿದ್ದರೆ ಯಾವ ಪ್ಲೇಟೂ ಎಡ್ಜ್ ಕೊಡುವುದಿಲ್ಲ, ದಯವಿಟ್ಟು ಬದಲಿಸಿ. ನುಣುಪು ನೆಲಕ್ಕೆ ತುಂಬ ಗಟ್ಟಿ ಚಕ್ರ ಬೇಡ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ನೆಲ ಒಣಗಿದಂತೆ ಕಂಡರೂ ಅಂಗೈಯಿಂದ ಮುಟ್ಟಿ ನೋಡಿ. ತೇವವಿದ್ದ ದಿನ ಆಳವಾದ ಎಡ್ಜ್ ಅಭ್ಯಾಸ ಬೇಡ.

ಮುಂದಿನ ವೀಡಿಯೊವನ್ನು ವೃತ್ತದ ನಡುವೆ ನಿಂತು, ತಲೆಯಿಂದ ಚಕ್ರದವರೆಗೆ ಕಾಣುವಂತೆ ತೆಗೆದು ಕಳುಹಿಸಿ. ಪಾದವನ್ನಷ್ಟೇ ತೋರಿಸಿದರೆ ಸೊಂಟ ಎಲ್ಲಿ ಮುರಿಯುತ್ತಿದೆಯೆಂದು ಹೇಳಲಾಗುವುದಿಲ್ಲ.