ಹೊಸ ಹ್ಯಾಂಡಲ್‌ಬಾರ್ ಹಳೇ ಸ್ಟೆಮ್‌ಗೆ ಕೂರುತ್ತಾ?

ಹಳೇ ಸೈಕಲ್ಲಿನ ಸ್ಟೆಮ್ (ಹ್ಯಾಂಡಲ್‌ಬಾರನ್ನು ಸೈಕಲ್ಲಿಗೆ ಹಿಡಿದಿಡುವ ಭಾಗ) ಬದಲಿಸದೆ ಹೊಸ ಹ್ಯಾಂಡಲ್‌ಬಾರ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು, ಆದರೆ ಸ್ಟೆಮ್ ಹಿಡಿಯುವ ನಡುಭಾಗದ ದಪ್ಪ ಹಳೇ, ಹೊಸ ಬಾರ್ ಎರಡರಲ್ಲೂ ಒಂದೇ ಇರಬೇಕು. ಗ್ರಿಪ್ ಹಾಕುವ ತುದಿಯ ಅಳತೆ ಇಲ್ಲಿ ಲೆಕ್ಕಕ್ಕಿಲ್ಲ.

ಈಗಿನ ಗೇರ್ ಸೈಕಲ್‌ಗಳಲ್ಲಿ ಜಾಸ್ತಿ ಇರುವುದು 31.8 ಮಿ.ಮೀ. ಹಳೇ ಎಂಟಿಬಿಗಳಲ್ಲಿ (ಮೌಂಟನ್ ಬೈಕ್) 25.4, ಕೆಲವು ಹೊಸ ಎಂಟಿಬಿಗಳಲ್ಲಿ 35, ಹಳೇ ರೋಡ್ ಬೈಕ್‌ಗಳಲ್ಲಿ 26.

ಅಳೆಯಲು ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ಒಂದು ದಾರ ಸಾಕು. ನಡುಭಾಗಕ್ಕೆ ಬಿಗಿಯಾಗಿ ಒಂದು ಸುತ್ತು ಹಾಕಿ, ಸೇರಿದಲ್ಲಿ ಪೆನ್ನಿನಿಂದ ಗುರುತು ಮಾಡಿ, ಸ್ಕೇಲ್ ಮೇಲಿಡಿ. ಸುತ್ತಳತೆ 10 ಸೆಂ.ಮೀ. ಬಂದರೆ ದಪ್ಪ 31.8 ಮಿ.ಮೀ., 8 ಬಂದರೆ 25.4, 11 ಬಂದರೆ 35. 25.4ಕ್ಕೂ 26ಕ್ಕೂ ಇರುವ ವ್ಯತ್ಯಾಸ ಮಾತ್ರ ದಾರಕ್ಕೆ ಸಿಗುವುದು ಕಷ್ಟ.

ದಪ್ಪ ಬಾರ್ ಸಣ್ಣ ಸ್ಟೆಮ್‌ಗೆ ಕೂರುವುದಿಲ್ಲ, ಸುಮ್ನೆ ಒತ್ತಾಯ ಮಾಡಬೇಡಿ. 25.4ರ ಬಾರನ್ನು 31.8ರ ಸ್ಟೆಮ್‌ಗೆ ಹಾಕಲು ಅಲ್ಯೂಮಿನಿಯಂ ಶಿಮ್ (ನಡುವಿನ ಸಂದು ತುಂಬುವ ಬಳೆ) ಸಿಗುತ್ತದೆ. ನಾನೊಮ್ಮೆ ಜುಗ್ಗತನದಿಂದ ತಗಡಿನ ತುಂಡು ಸುತ್ತಿದ್ದೆ. ಆಗುಂಬೆ ಘಾಟಿ ಇಳಿಯುವಾಗ, ಅದೂ ಮಳೆಯಲ್ಲಿ, ಬ್ರೇಕ್ ಹಿಡಿದು ಭಾರ ಮುಂದೆ ಬಿದ್ದಾಗ ಹ್ಯಾಂಡಲ್ ಕೆಳಕ್ಕೆ ತಿರುಗಿಬಿಟ್ಟಿತು. ಉಳಿದ ತಿರುವುಗಳನ್ನೆಲ್ಲ ಸೈಕಲ್ ತಳ್ಳಿಕೊಂಡೇ ಇಳಿದೆ!

ನಾಲ್ಕು ಬೋಲ್ಟ್ ಇದ್ದರೆ ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಸಾಮಾನ್ಯವಾಗಿ ಸ್ಟೆಮ್ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು.