ಕೆಟ್ಟ ಸುದ್ದಿ ನಿಮ್ಮವರೆಗೆ ಬರುತ್ತಿದೆಯೇ?

ನಾಯಕತ್ವದ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಹೊಣೆ ಹೊತ್ತವರವು. ‘ಒಳ್ಳೆಯ ನಾಯಕನ ಹತ್ತು ಗುಣಗಳನ್ನು ಪಟ್ಟಿ ಮಾಡಿ ಕೊಡಿ’ ಎಂದು ಕೇಳಿದವರೂ ಇದ್ದಾರೆ. ಪಟ್ಟಿ ಕೊಡುವುದು ಸುಲಭ. ಧೈರ್ಯ, ದೂರದೃಷ್ಟಿ, ಪ್ರಾಮಾಣಿಕತೆ ಎಂದು ಬರೆದುಬಿಟ್ಟರೆ ಯಾರೂ ತಕರಾರು ಮಾಡುವುದಿಲ್ಲ, ಯಾರಿಗೂ ಉಪಯೋಗವೂ ಆಗುವುದಿಲ್ಲ. ಆದ್ದರಿಂದ ತಮ್ಮ ತೊಂದರೆಯನ್ನು ಬಿಡಿಸಿ ಬರೆದವರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಮೊದಲಿನಿಂದಲೂ ಮಿತಭಾಷಿ. ಇತ್ತೀಚೆಗೆ ನನ್ನನ್ನು ಎಂಟು ಜನರ ತಂಡಕ್ಕೆ ಮುಖ್ಯಸ್ಥೆಯಾಗಿ ನೇಮಿಸಿದ್ದಾರೆ. ಈ ಜಾಗದಲ್ಲಿ ಹಿಂದೆ ಇದ್ದವರು ಮಾತಿನಲ್ಲೇ ಎಲ್ಲರನ್ನೂ ಗೆಲ್ಲುತ್ತಿದ್ದರು. ನನಗೆ ಅದು ಬರುವುದಿಲ್ಲ. ನಾಯಕತ್ವದ ಗುಣ ಹುಟ್ಟಿನಿಂದಲೇ ಬರಬೇಕೇ?

ಉತ್ತರ: ಈ ಪ್ರಶ್ನೆಯ ಬೆನ್ನು ಹತ್ತಿದ ಸಂಶೋಧಕರಿಗೆ ಲೆಕ್ಕವಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಲ್ಫ್ ಸ್ಟಾಗ್‌ಡಿಲ್ ಅಲ್ಲಿಯವರೆಗೆ ನಡೆದಿದ್ದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರು. ಬುದ್ಧಿವಂತಿಕೆ, ಹೊಣೆಗಾರಿಕೆಯಂಥ ಕೆಲವು ಗುಣಗಳು ನಾಯಕರಲ್ಲಿ ಸ್ವಲ್ಪ ಹೆಚ್ಚಾಗಿ ಕಂಡವು, ನಿಜ. ಆದರೆ ಯಾವ ಗುಣ ಉಪಯೋಗಕ್ಕೆ ಬರುತ್ತದೆ ಎಂಬುದು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಇಂತಿಷ್ಟು ಗುಣಗಳು ಕೂಡಿದ ಮಾತ್ರಕ್ಕೆ ಯಾರೂ ನಾಯಕರಾಗುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು.

2002ರಲ್ಲಿ ತಿಮೊಥಿ ಜಡ್ಜ್ ಮತ್ತು ಸಂಗಡಿಗರು ಮತ್ತೊಮ್ಮೆ ಇಂಥದ್ದೇ ದೊಡ್ಡ ಪರಿಶೀಲನೆ ನಡೆಸಿದರು. ಜನರೊಂದಿಗೆ ಸಲೀಸಾಗಿ ಬೆರೆತು ಮಾತಾಡುವ ಸ್ವಭಾವಕ್ಕೂ ನಾಯಕತ್ವಕ್ಕೂ ನಂಟು ಇರುವುದು ಕಂಡುಬಂತು. ಆದರೆ ಗಮನಿಸಬೇಕಾದ ಒಂದು ಅಂಶವಿದೆ: ಆ ಸ್ವಭಾವ ನಾಯಕರಾಗಿ ಗುರುತಿಸಿಕೊಳ್ಳಲು ನೆರವಾದಷ್ಟು ಆ ಜಾಗದಲ್ಲಿ ಕುಳಿತ ಮೇಲೆ ಚೆನ್ನಾಗಿ ಕೆಲಸ ಮಾಡಲು ನೆರವಾಗುತ್ತಿರಲಿಲ್ಲ. ಮಾತುಗಾರರನ್ನು ಜನ ಬೇಗ ಆರಿಸುತ್ತಾರೆ, ಅಷ್ಟೇ. ನಿಮ್ಮನ್ನು ಮಾತಿಲ್ಲದೆಯೇ ಆರಿಸಿದ್ದಾರೆ. ಆ ಹಂತ ನಿಮಗೆ ಮುಗಿದಿದೆ.

2011ರಲ್ಲಿ ಪ್ರಕಟವಾದ ಆಡಮ್ ಗ್ರಾಂಟ್ ಮತ್ತು ಸಹೋದ್ಯೋಗಿಗಳ ಅಧ್ಯಯನ ನಿಮಗೆ ಇನ್ನೂ ಹತ್ತಿರದ್ದು. ಅವರು ಒಂದು ಪಿಜ್ಜಾ ಸಂಸ್ಥೆಯ ಹಲವು ಮಳಿಗೆಗಳನ್ನು ಹೋಲಿಸಿ ನೋಡಿದರು. ಹೇಳಿದ್ದನ್ನಷ್ಟೇ ಮಾಡುವ ಸಿಬ್ಬಂದಿ ಇದ್ದ ಕಡೆ ಮಾತುಗಾರ ವ್ಯವಸ್ಥಾಪಕರ ಮಳಿಗೆಗಳು ಹೆಚ್ಚು ಲಾಭ ಮಾಡಿದ್ದವು. ಸಿಬ್ಬಂದಿ ತಾವಾಗಿಯೇ ಸಲಹೆ ಕೊಟ್ಟು ಮುಂದೆ ಬರುತ್ತಿದ್ದ ಕಡೆ ಮಾತ್ರ ಮಿತಭಾಷಿಗಳ ಕೈ ಮೇಲಾಗಿತ್ತು. ಮಿತಭಾಷಿಗಳು ಇನ್ನೊಬ್ಬರ ಮಾತಿಗೆ ಜಾಗ ಬಿಡುತ್ತಿದ್ದರು. ಹಾಗಾಗಿ ನಿಮ್ಮ ಎಂಟು ಜನ ಎಂಥವರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹಿಂದಿನವರನ್ನು ಅನುಕರಿಸಲು ಹೋದರೆ ನಿಮಗೂ ಸುಸ್ತು, ನೋಡುವವರಿಗೂ ಮುಜುಗರ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ನಾನೇ ಅತ್ಯುತ್ತಮ ಕೆಲಸಗಾರ ಎಂದು ಬಡ್ತಿ ಕೊಟ್ಟರು. ಈಗ ತಂಡದವರು ಮಾಡಿದ ಕೆಲಸವನ್ನೆಲ್ಲ ರಾತ್ರಿ ಕುಳಿತು ನಾನೇ ತಿದ್ದುತ್ತಿದ್ದೇನೆ. ಅವರಿಗೆ ಬಿಟ್ಟರೆ ಗುಣಮಟ್ಟ ಹಾಳಾಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಮಲಗಿ. ಎರಡನೆಯದಾಗಿ, ಇದು ನಿಮ್ಮೊಬ್ಬರ ಕಥೆಯಲ್ಲ. ಅಮೆರಿಕದ ನೂರಕ್ಕೂ ಹೆಚ್ಚು ಕಂಪನಿಗಳ ಮಾರಾಟ ವಿಭಾಗಗಳ ದಾಖಲೆ ಹಿಡಿದು ಮೂವರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಮಾರಾಟ ಮಾಡಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಅಂಥವರ ಕೈಕೆಳಗೆ ಬಂದವರ ಮಾರಾಟ ಇಳಿಯುತ್ತಿತ್ತು. ಇತರರೊಂದಿಗೆ ಕೂಡಿ ವ್ಯವಹಾರ ಕುದುರಿಸಿದ ಅನುಭವ ಇದ್ದವರು ಉತ್ತಮ ವ್ಯವಸ್ಥಾಪಕರಾಗಿದ್ದರು. ಕಂಪನಿಗಳು ಮಾತ್ರ ಮೊದಲ ಬಗೆಯವರನ್ನೇ ಆರಿಸುತ್ತಿದ್ದವು.

ನೀವು ರಾತ್ರಿ ತಿದ್ದುವುದರಿಂದ ತಂಡ ಏನು ಕಲಿಯುತ್ತದೆ ಎಂದು ಯೋಚಿಸಿ. ‘ಹೇಗೂ ಸಾಹೇಬರು ಸರಿಮಾಡುತ್ತಾರೆ’ ಎಂದು ಕಲಿಯುತ್ತದೆ. ಅರ್ಧಂಬರ್ಧ ಕೆಲಸ ಬರುತ್ತದೆ, ನೀವು ಇನ್ನಷ್ಟು ತಿದ್ದುತ್ತೀರಿ. ಇದನ್ನು ನಿಲ್ಲಿಸಲು ಒಂದೇ ದಾರಿ: ತಪ್ಪನ್ನು ಗುರುತು ಮಾಡಿ, ಯಾಕೆ ತಪ್ಪು ಎಂದು ವಿವರಿಸಿ, ಮಾಡಿದವರಿಗೇ ವಾಪಸು ಕೊಡಿ. ಮೊದಲ ಕೆಲವು ವಾರ ಕೆಲಸ ನಿಧಾನವಾಗುತ್ತದೆ, ನಿಮ್ಮ ಕೈ ತುರಿಸುತ್ತದೆ. ತಡೆದುಕೊಳ್ಳಿ. ಇನ್ನೊಂದು ಮಾತು: ನೀವು ‘ತಪ್ಪು’ ಎನ್ನುವುದರಲ್ಲಿ ಎಷ್ಟು ನಿಜವಾಗಿಯೂ ತಪ್ಪು, ಎಷ್ಟು ನಿಮ್ಮ ಶೈಲಿಗಿಂತ ಬೇರೆಯಾದದ್ದು ಎಂದು ವಿಂಗಡಿಸಿ ನೋಡಿ. ಎರಡನೆಯದು ಹೆಚ್ಚಿದ್ದರೆ ಪೆನ್ನು ಕೆಳಗಿಡಿ.

ಪ್ರಶ್ನೆ: ನಾನು ಯಾರಿಗೂ ಗದರುವವನಲ್ಲ. ಆದರೂ ಸಭೆಯಲ್ಲಿ ಏನು ಹೇಳಿದರೂ ಎಲ್ಲರೂ ತಲೆಯಾಡಿಸುತ್ತಾರೆ. ಕೆಲಸ ಕೆಟ್ಟ ಮೇಲೆ ‘ನನಗೆ ಮೊದಲೇ ಅನುಮಾನವಿತ್ತು’ ಎನ್ನುತ್ತಾರೆ. ಮೊದಲೇ ಯಾಕೆ ಹೇಳುವುದಿಲ್ಲ?

ಉತ್ತರ: ಬಂದ ಪತ್ರಗಳಲ್ಲೆಲ್ಲ ಇದೇ ಮುಖ್ಯವಾದದ್ದು ಎಂದು ನನಗೆ ಅನ್ನಿಸಿತು. ನಾಯಕರೊಬ್ಬರು ಹೇಗಿದ್ದಾರೆ ಎಂದು ಅಳೆಯಲು ನನಗೆ ಒಂದೇ ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ, ಕೆಟ್ಟ ಸುದ್ದಿ ಅವರಿಗೆ ಎಷ್ಟು ಬೇಗ ತಲುಪುತ್ತದೆ ಎಂದು ಕೇಳುತ್ತೇನೆ.

ಇದರ ಬೆಲೆ ಎಷ್ಟೆಂದು ವಿಮಾನಯಾನ ಕ್ಷೇತ್ರ ಬಲು ಕಷ್ಟಪಟ್ಟು ಕಲಿಯಿತು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ರನ್‌ವೇಯಲ್ಲಿ ಇನ್ನೊಂದು ಜಂಬೋ ವಿಮಾನ ಇರುವಾಗಲೇ ಕೆಎಲ್ಎಂ ಸಂಸ್ಥೆಯ ವಿಮಾನ ಹಾರಲು ಓಟ ಆರಂಭಿಸಿತು. ಅದರ ಕ್ಯಾಪ್ಟನ್ ಸಂಸ್ಥೆಯಲ್ಲೇ ಬಹಳ ಹಿರಿಯರು, ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್ ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದರು. ಹೋಗಿದೆ ಎಂಬ ಖಚಿತ ದನಿಯ ಉತ್ತರ ಬಂತು. ಅವರು ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಆ ದುರಂತಕ್ಕೆ ಮಂಜು, ರೇಡಿಯೋ ಸಂದೇಶದ ಗೊಂದಲ ಹೀಗೆ ಹಲವು ಕಾರಣಗಳಿದ್ದವು. ಆದರೆ ಸರಿಯಾದ ಅನುಮಾನ ಸರಿಯಾದ ಹೊತ್ತಿಗೆ ಸರಿಯಾದ ಬಾಯಿಯಿಂದ ಬಂದಿತ್ತು. ಅದು ಒಂದೇ ಪ್ರಶ್ನೆಗೆ ನಿಂತುಹೋಯಿತು.

ಇಂಥ ಅಪಘಾತಗಳ ನಂತರ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರವೊಂದರಿಂದ ಹೊಸ ಬಗೆಯ ತರಬೇತಿ ಹುಟ್ಟಿತು. ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳಬೇಕು, ಹಿರಿಯರು ಅದನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಅಭ್ಯಾಸದ ಮೂಲಕ ಕಲಿಸುವ ತರಬೇತಿ ಅದು. ಅದರ ಫಲ 1989ರಲ್ಲಿ ಕಂಡಿತು. ಯುನೈಟೆಡ್ ಸಂಸ್ಥೆಯ 232ನೇ ವಿಮಾನದ ಹಿಂಬದಿಯ ಎಂಜಿನ್ ಆಕಾಶದಲ್ಲೇ ಸಿಡಿದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಸತ್ತುಹೋಯಿತು. ಕ್ಯಾಪ್ಟನ್ ಅಲ್ ಹೇಯ್ನ್ಸ್ ತನಗೆ ಎಲ್ಲ ಗೊತ್ತು ಎಂದು ಕೂರಲಿಲ್ಲ. ಪ್ರಯಾಣಿಕರಾಗಿ ಬಂದಿದ್ದ, ಪೈಲಟ್‌ಗಳಿಗೆ ತರಬೇತಿ ಕೊಡುವ ಪೈಲಟ್ ಒಬ್ಬರನ್ನು ಒಳಗೆ ಕರೆಸಿಕೊಂಡು, ಎಂಜಿನ್‌ಗಳ ವೇಗ ನಿಯಂತ್ರಣವನ್ನು ಅವರ ಕೈಗೆ ಕೊಟ್ಟರು. ಉಳಿದಿದ್ದ ಎರಡು ಎಂಜಿನ್‌ಗಳ ವೇಗ ಏರಿಳಿಸುತ್ತ ನಾಲ್ವರೂ ಮಾತಾಡಿಕೊಂಡೇ ವಿಮಾನವನ್ನು ನೆಲಕ್ಕೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು. ಬದುಕುವುದೇ ಅಸಾಧ್ಯ ಎನಿಸುವಂಥ ಅಪಘಾತ ಅದು.

ನೀವು ಗದರುವುದಿಲ್ಲ ಎಂದು ಬರೆದಿದ್ದೀರಿ. ನಂಬುತ್ತೇನೆ. ಆದರೆ ಜನ ಬಾಯಿ ಮುಚ್ಚಿಕೊಳ್ಳಲು ಗದರಿಕೆಯೇ ಬೇಕೆಂದಿಲ್ಲ. ಒಮ್ಮೆ ಯಾರೋ ತೊಂದರೆ ಹೇಳಿದಾಗ ನೀವು ಗಡಿಯಾರ ನೋಡಿರಬಹುದು. ‘ಅದು ದೊಡ್ಡ ವಿಷಯವಲ್ಲ’ ಎಂದು ನಗುತ್ತ ಮುಂದೆ ಹೋಗಿರಬಹುದು. ಅಥವಾ ತೊಂದರೆ ಹೇಳಿದವರಿಗೇ ಅದನ್ನು ಬಗೆಹರಿಸುವ ಕೆಲಸ ಅಂಟಿಸಿರಬಹುದು. ಈ ಕೊನೆಯದು ಬಹಳ ಕಡೆ ನಡೆಯುತ್ತದೆ. ಸಮಸ್ಯೆ ಎತ್ತಿದವನ ತಲೆಗೇ ಹೆಚ್ಚುವರಿ ಕೆಲಸ ಬೀಳುವುದನ್ನು ಎರಡು ಸಲ ನೋಡಿದವರು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ.

ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ಎಲ್ಲರಿಗಿಂತ ಕಿರಿಯರಿಂದ ಮಾತು ಶುರುವಾಗಲಿ. ‘ಎಲ್ಲ ಸರಿಯಿದೆಯಲ್ಲ?’ ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ‘ಇದರಲ್ಲಿ ಎಲ್ಲಿ ಎಡವಬಹುದು?’ ಎಂದು ಕೇಳಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಒಂದು ವಿಧಾನ ಇದಕ್ಕಿಂತಲೂ ಒಳ್ಳೆಯದು. ಯೋಜನೆ ಆರಂಭವಾಗುವ ಮೊದಲೇ, ‘ಇದು ಪೂರ್ತಿ ವಿಫಲವಾಗಿದೆ ಎಂದುಕೊಳ್ಳಿ, ಯಾಕೆ ಹಾಗಾಯಿತು ಎಂದು ಬರೆಯಿರಿ’ ಎಂದು ಪ್ರತಿಯೊಬ್ಬರ ಕೈಗೂ ಕಾಗದ ಕೊಡುವುದು. ಆಗ ಅನುಮಾನ ಹೇಳುವುದು ಅಪಸ್ವರ ಎನಿಸುವುದಿಲ್ಲ, ಕೊಟ್ಟ ಕೆಲಸವೇ ಆಗಿಬಿಡುತ್ತದೆ. ಮೊದಲ ಸಲ ಕಾಗದಗಳು ಖಾಲಿ ಬಂದರೆ ಬೇಸರ ಬೇಡ.

ಒಂದು ಎಚ್ಚರಿಕೆ. ತಂಡ ಬಾಯಿಬಿಡಲು ಶುರುಮಾಡಿದಾಗ ತಪ್ಪುಗಳು ಹೆಚ್ಚಾದಂತೆ ಕಾಣುತ್ತದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಲೆಕ್ಕ ನೋಡಿದರೆ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ನಿಮ್ಮಲ್ಲೂ ಹಾಗಾದಾಗ ಗಾಬರಿಯಾಗಿ ಹಳೆಯ ದಾರಿಗೆ ಮರಳಬೇಡಿ. ಬಂದ ಆಕ್ಷೇಪಗಳನ್ನೆಲ್ಲ ಒಪ್ಪಲೇಬೇಕೆಂದೂ ಇಲ್ಲ. ನಿರ್ಧಾರ ನಿಮ್ಮದೇ. ಒಪ್ಪದಿದ್ದರೆ ಕಾರಣ ತಿಳಿಸಿ, ಅಷ್ಟು ಸಾಕು.

ಪ್ರಶ್ನೆ: ತಂಡದ ಜೊತೆ ಬಿಗಿಯಾಗಿರಬೇಕೇ, ಸಡಿಲವಾಗಿರಬೇಕೇ?

ಉತ್ತರ: 1930ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಹುಡುಗರ ಗುಂಪುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲವನ್ನೂ ಆಜ್ಞಾಪಿಸುವ ಮುಖಂಡನಿದ್ದಾಗ ಕೆಲಸ ಸಾಗಿತು, ಆತ ಕೋಣೆಯಿಂದ ಹೊರಗೆ ಹೋದೊಡನೆ ಕುಸಿಯಿತು. ಎಲ್ಲರೊಡನೆ ಚರ್ಚಿಸಿ ನಡೆಸಿದ ಗುಂಪು ಮುಖಂಡ ಇಲ್ಲದಾಗಲೂ ಕೆಲಸ ಮುಂದುವರಿಸಿತು. ಏನಾದರೂ ಮಾಡಿಕೊಳ್ಳಿ ಎಂದು ಕೈಬಿಟ್ಟ ಗುಂಪಿನಲ್ಲಿ ಕೆಲಸವೂ ಕಡಿಮೆ, ನೆಮ್ಮದಿಯೂ ಕಡಿಮೆ. ಆದ್ದರಿಂದ ಗಡುವು, ಗುಣಮಟ್ಟ, ಯಾರ ಕೆಲಸ ಯಾರದು ಎಂಬ ವಿಚಾರಗಳಲ್ಲಿ ಬಿಗಿಯಾಗಿರಿ. ಕೆಲಸ ಮಾಡುವ ವಿಧಾನದಲ್ಲಿ ಸಡಿಲ ಬಿಡಿ. ಬೆಂಕಿ ಬಿದ್ದಾಗ ಚರ್ಚೆಗೆ ಕೂರಬೇಡಿ.

ಪ್ರಶ್ನೆ: ನನಗಿಂತ ಹದಿನೈದು ವರ್ಷ ಹಿರಿಯರೊಬ್ಬರು ನನ್ನ ತಂಡದಲ್ಲಿದ್ದಾರೆ. ಈ ಹುದ್ದೆ ತಮಗೆ ಸಿಗಬೇಕಿತ್ತು ಎಂದು ಅವರು ಎಣಿಸಿದ್ದರು. ನಾನು ಹೇಳಿದ್ದಕ್ಕೆಲ್ಲ ‘ಇದನ್ನೆಲ್ಲ ಹಿಂದೆಯೇ ಮಾಡಿ ನೋಡಿದ್ದೇವೆ’ ಎನ್ನುತ್ತಾರೆ. ಅವರಿಗೆ ಹೇಳುವುದು ಹೇಗೆ?

ಉತ್ತರ: ಮೊದಲ ಸಲ ಹಾಗೆಂದಾಗ, ‘ಆಗ ಏನಾಗಿತ್ತು ಸರ್, ಎಲ್ಲಿ ಕೆಟ್ಟಿತು?’ ಎಂದು ನಿಜವಾದ ಕುತೂಹಲದಿಂದ ಕೇಳಿ, ಎಲ್ಲರೆದುರೇ ಬರೆದುಕೊಳ್ಳಿ. ಎಷ್ಟೋ ಸಲ ಅವರ ಬಳಿ ನಿಮಗೆ ಬೇಕಾದ ಮಾಹಿತಿಯೇ ಇರುತ್ತದೆ. ಹುದ್ದೆ ಕೈತಪ್ಪಿದ ನೋವನ್ನು ನೀವು ಅಳಿಸಲಾರಿರಿ. ಅದರ ಬಗ್ಗೆ ಸಮಾಧಾನ ಹೇಳಲು ಹೋಗುವುದೂ ಬೇಡ, ನಿಮ್ಮ ಬಾಯಿಂದ ಅದು ಇನ್ನಷ್ಟು ಚುಚ್ಚುತ್ತದೆ. ಅವರೊಬ್ಬರೇ ಚೆನ್ನಾಗಿ ಬಲ್ಲ ಒಂದು ಕೆಲಸವನ್ನು, ಅದರ ನಿರ್ಧಾರಗಳ ಸಮೇತ, ಪೂರ್ತಿ ಅವರಿಗೆ ವಹಿಸಿ. ಅಲ್ಲಿ ಅವರ ಮಾತೇ ಅಂತಿಮ ಎಂದು ಉಳಿದವರಿಗೂ ತಿಳಿಸಿ.

ಇಷ್ಟಾದರೂ ಎಲ್ಲರೆದುರು ನಿಮ್ಮ ಮಾತನ್ನು ಕಡಿಯುತ್ತಲೇ ಇದ್ದರೆ, ಬಾಗಿಲು ಮುಚ್ಚಿ ಇಬ್ಬರೇ ಕುಳಿತು ಮಾತಾಡಿ. ಯಾವ ದಿನ, ಯಾವ ಸಭೆಯಲ್ಲಿ ಏನು ನಡೆಯಿತು, ಅದರಿಂದ ಯಾವ ಕೆಲಸ ತಡವಾಯಿತು ಎಂದಷ್ಟೇ ಹೇಳಿ. ಅವರ ಸ್ವಭಾವದ ಬಗ್ಗೆ ಒಂದು ಮಾತೂ ಬೇಡ. ಆಮೇಲೆ ಸುಮ್ಮನಿದ್ದು ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ನಿಮ್ಮ ಬಗ್ಗೆ ಇಷ್ಟವಾಗದ ಒಂದೆರಡು ಸಂಗತಿಗಳು ಆಗ ಹೊರಬರುತ್ತವೆ. ಅವುಗಳಲ್ಲಿ ಒಂದಾದರೂ ನಿಜವಿದ್ದರೆ, ಮುಂದಿನ ಸಭೆಯಲ್ಲೇ ಅದನ್ನು ತಿದ್ದಿಕೊಂಡಿರುವುದು ಅವರ ಕಣ್ಣಿಗೆ ಬೀಳಲಿ.