ಪೀಕ್, ಸಮಿಟ್, ಝೆನಿತ್ ಎಲ್ಲಾ ಒಂದ ಏನ್ರಿ ಮೇಡಂ?

ಪ್ರಶ್ನೆ: ಪೀಕ್, ಸಮಿಟ್, ಝೆನಿತ್, ಅಪೆಕ್ಸ್ ಎಲ್ಲಾದಕ್ಕೂ ಡಿಕ್ಷನರಿಯೊಳಗ ಶಿಖರ, ತುತ್ತತುದಿ ಅಂತನ ಐತ್ರಿ ಮೇಡಂ. ಪ್ರಬಂಧದಾಗ ಯಾವ್ದು ಬರದ್ರೂ ನಡೀತೈತಲ್ರಿ? (ಪಿಎಸ್‌ಐ ಪರೀಕ್ಷೆಗೆ ಓದಾಕತ್ತಾವ, ವಿಜಯಪುರ)

ನಡಿಯೂದಿಲ್ರಿ. ಈ ಪ್ರಶ್ನಿಗೆ ಉತ್ತರ ಹೇಳಿ ಹೇಳಿ ಸಾಕಾಗೈತಿ, ವಾಟ್ಸಾಪ್‌ನ್ಯಾಗ ತಿರಗೋ ಆ ಸಿನಾನಿಮ್ಸ್ ಪಿಡಿಎಫ್ ಐತಲ್ಲ, ಅದನ್ನ ಬಾಯಿಪಾಠ ಮಾಡ್ಸಿ ಫೀ ತಗೊಳ್ಳೋ ಮಂದಿ ಇರೋತನಕ ಇದು ಬರೂದ. ಮೊದಲ ಡಿಲೀಟ್ ಮಾಡ್ರಿ.

ಸಮಿಟ್ ಅಂದ್ರ ಗುಡ್ಡ ಹತ್ತಿ ಕಾಲಿಡೋ ಜಾಗ, 1953ರ ಮೇ 29ಕ್ಕ ತೇನ್‌ಸಿಂಗ್ ಮತ್ತ ಹಿಲರಿ ಮುಟ್ಟಿದ್ದು ಎವರೆಸ್ಟಿನ ಸಮಿಟ್. ದೊಡ್ಡ ದೇಶದ ನಾಯಕರ ಮಾತುಕತಿಗೆ 1950ರಾಗ ಚರ್ಚಿಲ್ ಇದ ಪದ ಹಚ್ಚಿದ್ರು, ಜಿ-20 ಸಮಿಟ್ ಅನ್ನೂದೆಲ್ಲಾ ಆಮ್ಯಾಲಿಂದು. ಪೀಕ್ ಅಂದ್ರ ಚೂಪನ ಗುಡ್ಡ, ಅದಲ್ದ ಏರಿ ಮತ್ತ ಇಳಿಯೋ ಎಲ್ಲಾದಕ್ಕೂ ಅದ ಬರ್ತೈತಿ, ಉಳ್ಳಾಗಡ್ಡಿ ರೇಟು, ಟ್ರಾಫಿಕ್ಕು, ಕರೆಂಟ್ ಲೋಡು. ಹಂಗಾಗಿ ಇಂಟರ್‌ವ್ಯೂದಾಗ ನನ್ನ ಕರಿಯರ್ ಈಗ ಪೀಕ್‌ನ್ಯಾಗ ಐತಿ ಅಂದ್ರ, ಇನ್ನ ಮುಂದ ಇಳಿಯೂದ ಅಂತ ನೀವ ಒಪ್ಕೊಂಡಂಗ.

ಝೆನಿತ್ ಮೂಲ ಅರಬ್ಬಿ, ನಮ್ಮ ನೆತ್ತಿ ಮ್ಯಾಲ ನೆಟ್ಟಗ ಇರೋ ಆಕಾಶದ ಬಿಂದು. ವಿಜಯಪುರದಾಗ ಸೂರ್ಯ ಆ ಬಿಂದುವಿಗೆ ಬರೂದು ವರ್ಷಕ್ಕ ಎರಡ ಸಲ, ಮೇ ಶುರುವಿಗೆ ಒಮ್ಮೆ, ಆಗಸ್ಟ್ ಶುರುವಿಗೆ ಒಮ್ಮೆ, ಅವತ್ತ ಮಧ್ಯಾಹ್ನ ನೆಟ್ಟಗ ನಿಲ್ಸಿದ ಕೋಲಿಗೆ ನೆರಳ ಬೀಳೂದಿಲ್ಲ. ದಿಲ್ಲಿಯಾಗ ಸೂರ್ಯ ಯಾವತ್ತೂ ಅಲ್ಲಿಗೆ ಬರೂದಿಲ್ಲ, ಅವ್ರೂರು ಕರ್ಕಾಟಕ ವೃತ್ತದ ಆಚಿಗೆ ಐತಿ. ಆಕಾಶದಾಗ ಅದಕ್ಕಿಂತ ಮ್ಯಾಲ ಬಿಂದು ಇಲ್ಲ, ಅದಕ್ಕ ವೈಭವ, ಕೀರ್ತಿ ಅಂಥಾ ದೊಡ್ಡ ಮಾತಿಗೆ ಈ ಪದ ಹೊಂದತೈತಿ, ಆದಿಲ್‌ಶಾಹಿ ವೈಭವದ ಝೆನಿತ್ ಅಂತ ಬರೀರಿ, ಛಂದ ಕಾಣ್ತೈತಿ, ಗಾಂಧಿ ಚೌಕದ ಟ್ರಾಫಿಕ್‌ಗೆ ಝೆನಿತ್ ಅಂದ್ರ ಪೇಪರ್ ತಿದ್ದೋರು ನಗತಾರ. ಅಪೆಕ್ಸ್ ತ್ರಿಕೋನದ ತುದಿ, ಆಮ್ಯಾಲ ವ್ಯವಸ್ಥಾದಾಗ ಎಲ್ಲಾರಕಿಂತ ಮ್ಯಾಲ ಇರೋದು, ಸುಪ್ರೀಂ ಕೋರ್ಟಿಗೆ ಅಪೆಕ್ಸ್ ಕೋರ್ಟ್ ಅಂತೀವಲ್ಲ ಹಂಗ. ಪೀಕ್ ಕೋರ್ಟ್ ಅಂತ ಬರದ ಪುಣ್ಯಾತ್ಮರೂ ಅದಾರ!

ಪ್ರಶ್ನೆ: ಆಲಮಟ್ಟಿ ಡ್ಯಾಮಿನ ಕ್ರಸ್ಟ್ ಗೇಟ್ ಅಂತಾರಲ್ರಿ, ಹಂಗಂದ್ರೇನು? (ಬಾಗಲಕೋಟೆ)

ಕ್ರಸ್ಟ್ ಅಲ್ರೀ ಯಪ್ಪಾ, ಕ್ರೆಸ್ಟ್. ಕ್ರಸ್ಟ್ ಅಂದ್ರ ಬ್ರೆಡ್ಡಿನ ಗಟ್ಟಿ ಅಂಚು. ನೀರು ಹರದು ಹೋಗೋ ಕೋಡಿಯ ನೆತ್ತಿಗೆ ಕ್ರೆಸ್ಟ್ ಅಂತಾರ, ತೆರಿಯ ನೆತ್ತಿಗೂ ಅದ ಹೆಸರು, ಆ ನೆತ್ತಿ ಮ್ಯಾಲ ಕೂಡ್ಸಿದ ಗೇಟ್ ಆಲಮಟ್ಟಿಯಾಗ 26 ಅದಾವ. 2024ರ ಆಗಸ್ಟ್‌ನ್ಯಾಗ ತುಂಗಭದ್ರಾದ 19ನೇ ಗೇಟ್ ಕೊಚ್ಚಿ ಹೋದಾಗ ಟಿವಿಯೊಳಗ ಕ್ರಸ್ಟ್ ಕ್ರಸ್ಟ್ ಅಂತ ಕೇಳಿ ಕೇಳಿ ನನ್ನ ತಲಿ ಹನ್ನೆರಡಾಣೆ ಆಗಿತ್ತು.

ಪ್ರಶ್ನೆ: ಹೈಯೆಸ್ಟ್ ಪೀಕ್ ಅಂದ್ರ ಡಬಲ್ ಆಗೂದಿಲ್ಲೇನ್ರಿ?

ಇಲ್ಲ. ಪೀಕ್ ಊರ ತುಂಬ ಇರ್ತಾವ, ಕರ್ನಾಟಕದಾಗ ಹೈಯೆಸ್ಟ್ ಮುಳ್ಳಯ್ಯನಗಿರಿ ಒಂದ.

ಪ್ರಶ್ನೆ: ಕ್ಲೈಮ್ಯಾಕ್ಸ್ ಅಂದ್ರ ಪಿಚ್ಚರ್ ಮುಗಿಯೂದಲ್ಲೇನ್ರಿ? (ಬೆಳಗಾವಿ)

ಅಲ್ಲ, ಕಥಿ ಬಿಗಿ ಹತ್ತೋ ಜಾಗ. ಗ್ರೀಕ್‌ನ್ಯಾಗ ಆ ಪದಕ್ಕ ಏಣಿ ಅಂತ ಅರ್ಥ. ಮುಗಿಯೂದು ಆಮ್ಯಾಲ.

ಪ್ರಶ್ನೆ: 30 ದಿನದಾಗ ಇಂಗ್ಲಿಷ್ ಕಲಸ್ತೀವಿ ಅನ್ನೋ ಕ್ಲಾಸ್ ಸೇರ್ಲೇನ್ರಿ?

ಬ್ಯಾಡ್ರಿ. ಆ ರೊಕ್ಕದಾಗ ಉದಾಹರಣೆ ವಾಕ್ಯ ಇರೋ ಡಿಕ್ಷನರಿ ತಗೊಳ್ರಿ.